ಚರ್ಮದ ಕ್ಯಾನ್ಸರ್‌ಗೆ ಹಚ್ಚುವ ಔಷಧಿ: ಕೆಲಸಕ್ಕೆ ಹೋಗುತ್ತಲೇ ಚಿಕಿತ್ಸೆಯನ್ನು ಸುರಕ್ಷಿತವಾಗಿ ಮುಗಿಸುವುದು ಹೇಗೆ

ಹಚ್ಚುವ ಔಷಧಿ ಎಂದರೆ ಹಗುರವಾದ ಔಷಧಿ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಚರ್ಮದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯ ಬದಲು ಕ್ರೀಮ್ ಬರೆದುಕೊಟ್ಟಾಗ ಅನೇಕರು ನಿರಾಳವಾಗಿ, ಮಾರನೆಯ ದಿನದಿಂದಲೇ ಹಚ್ಚಲು ಆರಂಭಿಸಿ, ಎಂದಿನಂತೆ ಕೆಲಸಕ್ಕೆ ಹೋಗುತ್ತಾರೆ. ಮೊದಲ ಕೆಲವು ದಿನ ಹೆಚ್ಚೇನೂ ಕಾಣುವುದಿಲ್ಲ. ಎರಡನೆಯ ವಾರ ಚರ್ಮ ಕೆಂಪೇರಿ ಉರಿಯತೊಡಗುತ್ತದೆ. ಮೂರು ನಾಲ್ಕನೆಯ ವಾರಕ್ಕೆ ಸಿಪ್ಪೆ ಎದ್ದು, ರಸಿಕೆ ಒಸರಿ, ಹಕ್ಕಳೆ ಕಟ್ಟುತ್ತದೆ. ಮುಖ್ಯವಾದ ಸಭೆಯೋ ಹೊರಗಿನ ದುಡಿಮೆಯೋ ದೂರದ ಪ್ರಯಾಣವೋ ಅದೇ ವಾರಕ್ಕೆ ಬಂದಿದ್ದರೆ, ಆ ವ್ಯಕ್ತಿ ಗಾಬರಿಯಿಂದ ಔಷಧಿಯನ್ನು ಅರ್ಧಕ್ಕೆ ನಿಲ್ಲಿಸುತ್ತಾನೆ. ಆದ್ದರಿಂದ ಔಷಧಿ ಹಚ್ಚಲು ಆರಂಭಿಸುವ ದಿನವನ್ನು ನಿಶ್ಚಯಿಸುವ ಮೊದಲು, ಚರ್ಮ ಅತ್ಯಂತ ಹೆಚ್ಚು ಕೆರಳುವ ವಾರ ಯಾವುದೆಂದು ಲೆಕ್ಕ ಹಾಕಿ, ಕೆಲಸವನ್ನು ಅದರ ಸುತ್ತ ಹೊಂದಿಸಿಕೊಳ್ಳಬೇಕು ಎಂಬುದೇ ಈ ಬರಹದ ಮುಖ್ಯ ಸಲಹೆ.

ಯಾವ ರೋಗಕ್ಕೆ, ಯಾವ ಔಷಧಿ

ಹಚ್ಚುವ ಔಷಧಿ ಚರ್ಮದ ಮೇಲ್ಪದರದಲ್ಲಿಯೇ ಇರುವ ರೋಗಕ್ಕೆ ಮಾತ್ರ ಸಲ್ಲುತ್ತದೆ. ವರ್ಷಗಟ್ಟಲೆ ಬಿಸಿಲಿಗೆ ಒಡ್ಡಿಕೊಂಡ ಚರ್ಮದಲ್ಲಿ ಮೂಡುವ ಒರಟಾದ ಮಚ್ಚೆಗಳು, ಅಂದರೆ ಕ್ಯಾನ್ಸರ್‌ನ ಪೂರ್ವಸ್ಥಿತಿಯೆಂದು ಪರಿಗಣಿಸಲಾಗುವ ಆಕ್ಟಿನಿಕ್ ಕೆರಟೋಸಿಸ್, ಮೇಲ್ಪದರದ ಬೇಸಲ್ ಸೆಲ್ ಕಾರ್ಸಿನೋಮ (ಮೇಲ್ಪದರದ ಬುಡದ ಕೋಶಗಳಂಥ ಕೋಶಗಳ ಕ್ಯಾನ್ಸರ್) ಮತ್ತು ಬೋವೆನ್ ಕಾಯಿಲೆ (ಮೇಲ್ಪದರದೊಳಗೇ ಉಳಿದಿರುವ, ತೀರ ಆರಂಭದ ಹಂತದ ಚರ್ಮದ ಕ್ಯಾನ್ಸರ್) ಇವುಗಳಲ್ಲಿ ಮುಖ್ಯವಾದವು. ಆಳಕ್ಕೆ ಇಳಿದ ಗಡ್ಡೆಗೆ ಕ್ರೀಮ್ ತಲುಪುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್ ಆದ ಮೆಲನೋಮಾಕ್ಕಂತೂ ಶಸ್ತ್ರಚಿಕಿತ್ಸೆಯೇ ಮುಖ್ಯ ದಾರಿ. ಹೀಗಾಗಿ ಚರ್ಮರೋಗ ತಜ್ಞರು ನೋಡಿ, ಅಗತ್ಯವಿದ್ದರೆ ಬಯಾಪ್ಸಿ ಮಾಡಿ, ಇದು ಮೇಲ್ಪದರದ ರೋಗವೆಂದು ಹೇಳಿದ ಮೇಲೆಯೇ ಟ್ಯೂಬ್ ತೆರೆಯಬೇಕು. ಮನೆಯಲ್ಲಿ ಇನ್ನೊಬ್ಬರಿಗೆ ಬರೆದುಕೊಟ್ಟು ಉಳಿದ ಕ್ರೀಮನ್ನು ತಮ್ಮ ಮಚ್ಚೆಗೆ ಹಚ್ಚಿಕೊಳ್ಳುವುದು ಅಪಾಯಕಾರಿ. ಚರ್ಮವನ್ನು ಸುಟ್ಟು ಗಡ್ಡೆಯನ್ನು ಉದುರಿಸುವುದಾಗಿ ಹೇಳಿ ಮಾರುವ ಕಪ್ಪು ಮುಲಾಮುಗಳು ಇನ್ನೂ ಅಪಾಯಕಾರಿ: ಅವು ಒಳ್ಳೆಯ ಚರ್ಮವನ್ನೂ ಸುಟ್ಟು ಕಲೆ ಉಳಿಸುತ್ತವೆ, ಮೇಲೆ ಗಾಯ ಮಾಗಿದಂತೆ ಕಂಡರೂ ಕೆಳಗೆ ಕ್ಯಾನ್ಸರ್ ಬೆಳೆಯುತ್ತಲೇ ಇರಬಹುದು.

ಹೆಚ್ಚು ಬಳಕೆಯಲ್ಲಿರುವ ಔಷಧಿಗಳು ಎರಡು. ಶೇ 5ರ ಫ್ಲೋರೋಯುರಾಸಿಲ್ ಕ್ರೀಮ್ ವೇಗವಾಗಿ ವಿಭಜನೆಗೊಳ್ಳುವ ಕೋಶಗಳ ಡಿಎನ್‌ಎ ತಯಾರಿಕೆಗೆ ಅಡ್ಡಿಪಡಿಸಿ ಅವುಗಳನ್ನು ಕೊಲ್ಲುತ್ತದೆ. ಬೇರೆ ಕ್ಯಾನ್ಸರ್‌ಗಳಿಗಾಗಿ ಈ ಔಷಧಿಯನ್ನು ರಕ್ತನಾಳದ ಮೂಲಕ ಪಡೆಯುತ್ತಿದ್ದ ರೋಗಿಗಳಲ್ಲಿ ಬಿಸಿಲಿನಿಂದಾದ ಮಚ್ಚೆಗಳು ಮಾತ್ರ ಕೆರಳಿ ಆಮೇಲೆ ಮಾಯವಾದುದನ್ನು ವೈದ್ಯರು 1960ರ ದಶಕದಲ್ಲಿ ಗಮನಿಸಿದ್ದರು. ಅದನ್ನು ಚರ್ಮಕ್ಕೆ ಹಚ್ಚುವ ಪದ್ಧತಿ ಬೆಳೆದದ್ದು ಹಾಗೆ. ಇಮಿಕ್ವಿಮೋಡ್ ತಾನೇ ಕೋಶಗಳನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಆ ಜಾಗಕ್ಕೆ ಎಬ್ಬಿಸಿ ಕರೆಯುತ್ತದೆ. ಮುಖ ಮತ್ತು ನೆತ್ತಿಯ ಆಕ್ಟಿನಿಕ್ ಕೆರಟೋಸಿಸ್‌ಗೆ ಐದು ದಿನ ಮಾತ್ರ ಹಚ್ಚುವ ಟಿರ್ಬಾನಿಬುಲಿನ್ ಎಂಬ ಮುಲಾಮು ಸಹ 2020ರ ನಂತರ ಬಳಕೆಗೆ ಬಂದಿದೆ. ರಜೆ ಸಿಗುವುದು ಕಷ್ಟವಾದವರು ಈ ವಿಷಯವನ್ನು ವೈದ್ಯರೊಡನೆ ಪ್ರಸ್ತಾಪಿಸಬಹುದು, ಆದರೆ ಅದು ಬೇಸಲ್ ಸೆಲ್ ಕಾರ್ಸಿನೋಮಕ್ಕೆ ಬದಲಿಯಲ್ಲ.

ಕೆರಳುವ ವಾರವನ್ನು ಮೊದಲೇ ಗುರುತಿಸುವುದು

ಫ್ಲೋರೋಯುರಾಸಿಲ್ ಅನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ, ಆಕ್ಟಿನಿಕ್ ಕೆರಟೋಸಿಸ್‌ಗೆ 2ರಿಂದ 4 ವಾರ, ಮೇಲ್ಪದರದ ಬೇಸಲ್ ಸೆಲ್ ಕಾರ್ಸಿನೋಮಕ್ಕೆ 3ರಿಂದ 6 ವಾರ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ಹಚ್ಚಲು ಹೇಳುತ್ತಾರೆ. ಚರ್ಮ ಅತಿಯಾಗಿ ಕೆಡುವುದು ಈ ಅವಧಿಯ ಕೊನೆಗೆ. ನಿಲ್ಲಿಸಿದ ಕೂಡಲೇ ಸುಧಾರಿಸುವುದಿಲ್ಲ, ಮಾಗಲು ಇನ್ನೂ ಕೆಲವು ವಾರಗಳು ಬೇಕು. ಇಮಿಕ್ವಿಮೋಡನ್ನು ಮೇಲ್ಪದರದ ಬೇಸಲ್ ಸೆಲ್ ಕಾರ್ಸಿನೋಮಕ್ಕೆ ವಾರದಲ್ಲಿ 5 ದಿನದಂತೆ 6 ವಾರ ಹಚ್ಚುವುದು ರೂಢಿ. ನಾಲ್ಕು ವಾರಗಳ ಚಿಕಿತ್ಸೆ ಎಂದು ಚೀಟಿಯಲ್ಲಿ ಬರೆದಿದ್ದರೆ, ಕೆಲಸದ ಲೆಕ್ಕದಲ್ಲಿ ಅದನ್ನು ಏಳೆಂಟು ವಾರಗಳ ಚಿಕಿತ್ಸೆ ಎಂದೇ ಎಣಿಸುವುದು ವಿವೇಕ.

ಕ್ಯಾಲೆಂಡರ್ ಮುಂದಿಟ್ಟುಕೊಂಡು, ಜನರೆದುರು ನಿಲ್ಲಲೇಬೇಕಾದ ದಿನಗಳನ್ನೂ ಬಿಸಿಲಿನಲ್ಲಿ ಇರಲೇಬೇಕಾದ ದಿನಗಳನ್ನೂ ಗುರುತಿಸಿ, ಅವು ಚಿಕಿತ್ಸೆಯ ಕೊನೆಯ ವಾರ ಮತ್ತು ಅದರ ನಂತರದ ಎರಡು ವಾರಗಳಲ್ಲಿ ಬೀಳದಂತೆ ಆರಂಭದ ದಿನವನ್ನು ವೈದ್ಯರೊಡನೆ ಮಾತನಾಡಿ ನಿರ್ಧರಿಸಬೇಕು. ಆಕ್ಟಿನಿಕ್ ಕೆರಟೋಸಿಸ್‌ಗೆ ಕೆಲವು ವಾರಗಳ ವಿಳಂಬ ಹೆಚ್ಚಿನ ವ್ಯತ್ಯಾಸ ಮಾಡದಿರಬಹುದು. ಖಚಿತಪಟ್ಟ ಕ್ಯಾನ್ಸರ್ ಆಗಿದ್ದರೆ ಎಷ್ಟು ದಿನ ಮುಂದೂಡಬಹುದೆಂಬುದನ್ನು ಹೇಳಬೇಕಾದವರು ವೈದ್ಯರೇ. ಮುಖ, ನೆತ್ತಿ, ಎರಡು ಕೈಗಳೆಲ್ಲಕ್ಕೂ ಚಿಕಿತ್ಸೆ ಬೇಕಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ಕೆರಳಿಸುವ ಬದಲು ಒಂದೊಂದು ಭಾಗವನ್ನು ಬೇರೆ ಬೇರೆ ಅವಧಿಯಲ್ಲಿ ಮಾಡಲು ಸಾಧ್ಯವೇ ಎಂದು ಕೇಳಿ. ದುಡಿಯುವವರಿಗೆ ಇದಕ್ಕಿಂತ ಉಪಯುಕ್ತವಾದ ಪ್ರಶ್ನೆ ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ. ಫ್ಲೋರೋಯುರಾಸಿಲ್ ಅನ್ನು ಒಂದೇ ಸಲಕ್ಕೆ ಹಚ್ಚುವ ಜಾಗ ಸುಮಾರು 23 ಸೆಂಟಿಮೀಟರ್ ಉದ್ದ, 23 ಸೆಂಟಿಮೀಟರ್ ಅಗಲ ಮೀರಬಾರದೆಂಬ ಮಿತಿಯೂ ಇದೆ.

ಆರಂಭಿಸುವ ಮೊದಲೇ ವೈದ್ಯರಿಗೆ ತಿಳಿಸಬೇಕಾದ ಸಂಗತಿಗಳು ಕೆಲವಿವೆ. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ಮತ್ತು ಎದೆಹಾಲುಣಿಸುವವರು ಫ್ಲೋರೋಯುರಾಸಿಲ್ ಬಳಸಬಾರದು. ಈ ಔಷಧಿಯನ್ನು ದೇಹದಲ್ಲಿ ಒಡೆಯುವ ಡಿಪಿಡಿ ಎಂಬ ಕಿಣ್ವದ ಕೊರತೆ ಇರುವವರೂ ಬಳಸಬಾರದು. ಸರ್ಪಸುತ್ತಿಗೆ ಕೊಡುವ ಬ್ರಿವುಡಿನ್ ಮಾತ್ರೆಯನ್ನು ತೆಗೆದುಕೊಂಡಿದ್ದರೆ ಕನಿಷ್ಠ 4 ವಾರಗಳ ಅಂತರ ಇರಲೇಬೇಕು. ಬ್ರಿವುಡಿನ್ ಮತ್ತು ಫ್ಲೋರೋಯುರಾಸಿಲ್ ಎರಡೂ ಸೇರಿದರೆ ಜೀವಕ್ಕೇ ಅಪಾಯ. ಅಂಗಾಂಗ ಕಸಿ ಮಾಡಿಸಿಕೊಂಡವರು ಮತ್ತು ದೇಹದ ನಿರೋಧಕ ಶಕ್ತಿಯೇ ದೇಹದ ವಿರುದ್ಧ ತಿರುಗುವ ಕಾಯಿಲೆ ಇರುವವರು ಇಮಿಕ್ವಿಮೋಡ್ ಬಗ್ಗೆ ವಿಶೇಷವಾಗಿ ವಿಚಾರಿಸಬೇಕು.

ದಿನಚರಿಗೆ ಹೊಂದುವಂತೆ ಹಚ್ಚುವ ಕ್ರಮ

ಜಾಗವನ್ನು ಸೌಮ್ಯವಾದ ಸಾಬೂನಿನಿಂದ ತೊಳೆದು, ಒತ್ತಿ ಒರೆಸಿ, ಸುಮಾರು 10 ನಿಮಿಷ ಒಣಗಲು ಬಿಟ್ಟು, ಅನಂತರ ತೆಳುವಾಗಿ ಹಚ್ಚಬೇಕು. ದಪ್ಪವಾಗಿ ಬಳಿದರೆ ರೋಗ ಬೇಗ ಹೋಗುವುದಿಲ್ಲ, ಉರಿ ಮಾತ್ರ ಹೆಚ್ಚುತ್ತದೆ. ಬಿಸಾಡುವ ಕೈಗವಸು ಬಳಸುವುದು ಒಳ್ಳೆಯದು. ಬರಿ ಬೆರಳಿನಿಂದ ಹಚ್ಚಿದರೆ ತಕ್ಷಣ ಕೈಯನ್ನು ಚೆನ್ನಾಗಿ ತೊಳೆಯಬೇಕು, ಇಲ್ಲವಾದರೆ ಅದೇ ಬೆರಳು ಕಣ್ಣಿಗೋ ತುಟಿಗೋ ಹೋಗುತ್ತದೆ. ಕೈಗೇ ಚಿಕಿತ್ಸೆ ನಡೆಯುತ್ತಿದ್ದರೆ ಹಚ್ಚಿದ ಬೆರಳನ್ನು ಮಾತ್ರ ತೊಳೆಯಿರಿ. ಕಣ್ಣು, ಮೂಗಿನ ಹೊಳ್ಳೆ ಮತ್ತು ಬಾಯಿಯ ಅಂಚಿನಿಂದ ಔಷಧಿ ದೂರವಿರಲಿ. ವೈದ್ಯರು ಹೇಳದ ಹೊರತು ಮೇಲೆ ಬಿಗಿಯಾದ, ಗಾಳಿಯಾಡದ ಪಟ್ಟಿ ಕಟ್ಟಬೇಡಿ. ಮುಚ್ಚಿದ ಚರ್ಮ ಔಷಧಿಯನ್ನು ಹೆಚ್ಚು ಹೀರಿ ಅತಿಯಾಗಿ ಕೆರಳುತ್ತದೆ.

ಇಮಿಕ್ವಿಮೋಡ್ ದುಡಿಯುವವರಿಗೆ ಒಂದು ರೀತಿಯಲ್ಲಿ ಅನುಕೂಲಕರ. ಅದನ್ನು ಮಲಗುವ ಮುನ್ನ ಹಚ್ಚಿ, ಸುಮಾರು 8 ಗಂಟೆಗಳ ನಂತರ ತೊಳೆದುಬಿಡುತ್ತಾರೆ, ಆದ್ದರಿಂದ ಕೆಲಸದ ಸ್ಥಳಕ್ಕೆ ಔಷಧಿ ಬರುವುದೇ ಇಲ್ಲ. ರಾತ್ರಿ ಪಾಳಿಯವರು ಇಲ್ಲಿ ಎಡವುತ್ತಾರೆ: ಚೀಟಿಯಲ್ಲಿ ರಾತ್ರಿ ಎಂದಿರುವುದರಿಂದ ಪಾಳಿಗೆ ಹೊರಡುವ ಮುನ್ನ ಹಚ್ಚಿಕೊಂಡು, ಬೆವರಿನಲ್ಲಿ ಅದನ್ನು ಅಕ್ಕಪಕ್ಕಕ್ಕೆ ಹರಡಿಕೊಳ್ಳುತ್ತಾರೆ. ಇಲ್ಲಿ ರಾತ್ರಿ ಎಂದರೆ ನೀವು ಮಲಗುವ ಹೊತ್ತು, ಅದು ಹಗಲಾಗಿದ್ದರೂ ಸರಿ. ಒಮ್ಮೆ ತೆರೆದ ಪೊಟ್ಟಣದಲ್ಲಿ ಉಳಿದದ್ದನ್ನು ಇಟ್ಟುಕೊಳ್ಳದೆ ಎಸೆಯಬೇಕು.

ಫ್ಲೋರೋಯುರಾಸಿಲ್ ಎರಡು ಹೊತ್ತಿನದಾದ್ದರಿಂದ, ಬೆಳಗಿನದನ್ನು ಮನೆ ಬಿಡುವ ಹೊತ್ತಿಗಿಂತ ಸಾಕಷ್ಟು ಮೊದಲೇ ಹಚ್ಚಿ ಒಣಗಲು ಬಿಡಿ. ಎರಡನೆಯದನ್ನು ಮನೆಗೆ ಬಂದ ಮೇಲೆ, ದಿಂಬಿಗೆ ಅಂಟದಂತೆ ಮಲಗುವ ಹೊತ್ತಿಗಿಂತ ತುಸು ಮೊದಲು ಹಚ್ಚಬೇಕು. ಟ್ಯೂಬನ್ನು ಕೆಲಸಕ್ಕೆ ಒಯ್ಯುವ ಅಗತ್ಯ ಇದರಿಂದ ತಪ್ಪುತ್ತದೆ. ಗಡ್ಡ ಬೋಳಿಸುವವರು ಔಷಧಿ ಹಚ್ಚುವ ಮೊದಲೇ ಬೋಳಿಸಿಕೊಳ್ಳಬೇಕು, ಚರ್ಮ ಹುಣ್ಣಾದ ಮೇಲೆ ಬ್ಲೇಡನ್ನು ಆ ಜಾಗದಿಂದ ದೂರ ಇಡಬೇಕು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎಂದಿನಷ್ಟೇ ಹಚ್ಚಿ. ತಪ್ಪಿದ್ದನ್ನು ಸರಿದೂಗಿಸಲು ಎರಡರಷ್ಟು ಬಳಿಯಬಾರದು.

ಕೆಲಸದ ಬಗೆಗೆ ತಕ್ಕ ಎಚ್ಚರ

ಬಯಲಿನಲ್ಲಿ ದುಡಿಯುವವರಿಗೆ ಮೊದಲ ಶತ್ರು ಬಿಸಿಲೇ. ಎರಡೂ ಔಷಧಿಗಳು ಬಿಸಿಲಿಗೆ ಚರ್ಮವನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತವೆ, ಅಲ್ಲದೆ ಈ ರೋಗಕ್ಕೆ ಮೂಲ ಕಾರಣವಾದದ್ದೂ ಬಹುಪಾಲು ಬಿಸಿಲಿನ ಅತಿನೇರಳೆ ಕಿರಣಗಳೇ. ಸುತ್ತಲೂ ಅಗಲವಾದ ಅಂಚಿನ ಟೋಪಿ, ತೋಳು ಮುಚ್ಚುವ ಅಂಗಿ, ಕುತ್ತಿಗೆಗೆ ಸಡಿಲವಾದ ಹತ್ತಿಯ ಬಟ್ಟೆ ಇರಲಿ. ಸುತ್ತಲಿನ ಒಳ್ಳೆಯ ಚರ್ಮಕ್ಕೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಸಾಕು, ಆದರೆ ಹುಣ್ಣಾದ ಜಾಗವನ್ನು ಸನ್‌ಸ್ಕ್ರೀನ್‌ಗೆ ಒಪ್ಪಿಸದೆ ನೆರಳು ಮತ್ತು ಬಟ್ಟೆಯಿಂದಲೇ ಕಾಪಾಡಬೇಕು. ಸಾಧ್ಯವಿದ್ದರೆ ನಡುಹಗಲಿನ ಕೆಲಸವನ್ನು ಬೆಳಗ್ಗೆಗೆ ಅಥವಾ ಸಂಜೆಗೆ ಬದಲಾಯಿಸಿಕೊಳ್ಳಿ. ವಾಹನ ಚಾಲಕರು ಗಾಜಿನ ಹಿಂದೆ ಇದ್ದೇವೆಂದು ನಿಶ್ಚಿಂತರಾಗಬಾರದು. ಬಾಗಿಲಿನ ಸಾಮಾನ್ಯ ಗಾಜು ಅತಿನೇರಳೆ ಕಿರಣಗಳಲ್ಲಿ ಒಂದು ಬಗೆಯನ್ನು ಬಹುಮಟ್ಟಿಗೆ ಒಳಬಿಡುತ್ತದೆ. ಕಣ್ಣಿನ ಹತ್ತಿರ ಚಿಕಿತ್ಸೆ ನಡೆಯುತ್ತಿದ್ದು ಕಣ್ಣಲ್ಲಿ ನೀರು ಸುರಿಯುತ್ತಿದ್ದರೆ ಅಥವಾ ರೆಪ್ಪೆ ಊದಿದ್ದರೆ ಅಂದು ವಾಹನ ಓಡಿಸಲೇಬಾರದು.

ಹೆಲ್ಮೆಟ್, ರಕ್ಷಣಾ ಕನ್ನಡಕ, ದೂಳು ತಡೆಯುವ ಮುಖಗವಸು ಧರಿಸುವ ಉದ್ಯೋಗಗಳಲ್ಲಿ ತೊಡಕು ಬೇರೆಯೇ ಆಗಿದೆ. ಅವುಗಳ ಪಟ್ಟಿ ಅಥವಾ ಅಂಚು ಚಿಕಿತ್ಸೆಯ ಜಾಗದ ಮೇಲೆ ಕೂತರೆ ಒಂದು ಕಡೆ ಉಜ್ಜಿ ಗಾಯ ಮಾಡುತ್ತದೆ, ಇನ್ನೊಂದು ಕಡೆ ಔಷಧಿಯನ್ನು ಮುಚ್ಚಿಟ್ಟು ಉರಿ ಹೆಚ್ಚಿಸುತ್ತದೆ. ಹಕ್ಕಳೆಯ ಮೇಲೆ ಮುಖಗವಸು ಬಿಗಿಯಾಗಿ ಕೂರದೆ ದೂಳು ಒಳನುಗ್ಗುವುದೂ ಉಂಟು. ಇದಕ್ಕೆ ಪರಿಹಾರವೆಂದು ರಕ್ಷಣಾ ಸಾಧನವನ್ನು ಬದಿಗಿಡುವವರಿದ್ದಾರೆ, ಅದು ಒಂದು ಅಪಾಯ ತಪ್ಪಿಸಲು ಇನ್ನೊಂದನ್ನು ಮೈಮೇಲೆ ಎಳೆದುಕೊಂಡಂತೆ. ಬೇರೆ ಆಕಾರದ ಸಾಧನ ಸಿಗದಿದ್ದರೆ ಆ ಎರಡು ಮೂರು ವಾರ ಅದನ್ನು ಧರಿಸಬೇಕಾಗಿಲ್ಲದ ಕೆಲಸವನ್ನೇ ಕೇಳಿ ಪಡೆಯಬೇಕು.

ಸಿಮೆಂಟ್, ದ್ರಾವಕ, ಬಣ್ಣ, ಕೀಟನಾಶಕ ಮುಂತಾದವುಗಳ ನಡುವೆ ಇರುವವರು ತೆರೆದ ಹುಣ್ಣಿನ ಮೂಲಕ ಇವು ಸುಲಭವಾಗಿ ಒಳಸೇರುತ್ತವೆಂಬುದನ್ನು ನೆನಪಿಡಬೇಕು. ಬೆಸುಗೆಯವರಿಗೂ ಬೆಂಕಿಯ ಹತ್ತಿರ ನಿಲ್ಲುವ ಅಡುಗೆಯವರಿಗೂ ಒಂದು ವಿಶೇಷ ಎಚ್ಚರಿಕೆ ಇದೆ: ಕೆಲವು ಕ್ರೀಮ್‌ಗಳಲ್ಲಿಯೂ ಹುಣ್ಣಿಗೆ ಹಚ್ಚುವ ಪೆಟ್ರೋಲಿಯಂ ಜೆಲ್ಲಿಯಲ್ಲಿಯೂ ಪ್ಯಾರಫಿನ್ ಇರುತ್ತದೆ, ಅದು ಹೀರಿಕೊಂಡ ಬಟ್ಟೆಗೆ ಕಿಡಿ ತಗುಲಿದರೆ ಬೇಗ ಹೊತ್ತಿಕೊಳ್ಳುತ್ತದೆ. ಕೆಲಸದ ಅಂಗಿಯನ್ನು ದಿನವೂ ಬದಲಾಯಿಸಿ. ಒಗೆದ ಮಾತ್ರಕ್ಕೆ ಅದು ಪೂರ್ತಿ ಹೋಗಿದೆ ಎಂದೂ ಭಾವಿಸಬೇಡಿ.

ಆಹಾರ ತಯಾರಿಕೆ, ಶುಶ್ರೂಷೆ ಮತ್ತು ಮಕ್ಕಳ ಆರೈಕೆಯಲ್ಲಿ ಇರುವವರಿಗೆ ತಮ್ಮ ಚರ್ಮದಷ್ಟೇ ಇತರರ ಸುರಕ್ಷತೆಯೂ ಮುಖ್ಯ. ಕೈ ಅಥವಾ ಮುಂಗೈಯ ಮೇಲೆ ರಸಿಕೆ ಒಸರುವ ಹುಣ್ಣಿರುವಾಗ ಆಹಾರ ಮುಟ್ಟುವುದೂ ರೋಗಿಗಳ ಗಾಯಕ್ಕೆ ಪಟ್ಟಿ ಕಟ್ಟುವುದೂ ಸಲ್ಲದು. ಪದೇ ಪದೇ ಕೈ ತೊಳೆಯಬೇಕಾದ ಉದ್ಯೋಗದಲ್ಲಿ ಹಗಲಿನ ಔಷಧಿ ಕೈಮೇಲೆ ನಿಲ್ಲುವುದೂ ಇಲ್ಲ; ಸಮಯವನ್ನು ಹೇಗೆ ಬದಲಿಸಬಹುದೆಂದು ವೈದ್ಯರನ್ನು ಕೇಳಬೇಕು. ಪುಟ್ಟ ಮಗುವಿನ ಕೆನ್ನೆ ನಿಮ್ಮ ಔಷಧಿ ಹಚ್ಚಿದ ಭುಜಕ್ಕೆ ತಾಗದಿರಲಿ. ಪ್ರಾಣಿಗಳೊಡನೆ ಕೆಲಸ ಮಾಡುವವರಿಗೂ ಮನೆಯಲ್ಲಿ ನಾಯಿ ಬೆಕ್ಕು ಸಾಕಿರುವವರಿಗೂ ಈ ಮಾತು ಇನ್ನಷ್ಟು ಗಂಭೀರ, ಏಕೆಂದರೆ ಫ್ಲೋರೋಯುರಾಸಿಲ್ ಕ್ರೀಮನ್ನು ಸ್ವಲ್ಪ ನೆಕ್ಕಿದರೂ ನಾಯಿ ಬೆಕ್ಕುಗಳು ಸಾಯಬಹುದು. ಟ್ಯೂಬ್, ಬಳಸಿದ ಕೈಗವಸು, ಒರೆಸಿದ ಬಟ್ಟೆ ಯಾವುದೂ ಅವುಗಳ ಬಾಯಿಗೆ ಸಿಗಬಾರದು. ಟವೆಲ್ ಮತ್ತು ದಿಂಬಿನ ಹೊದಿಕೆಯನ್ನು ಬೇರೆಯವರೊಡನೆ ಹಂಚಿಕೊಳ್ಳದೆ ಪ್ರತ್ಯೇಕವಾಗಿ ಒಗೆಯಿರಿ.

ಕಚೇರಿಯಲ್ಲಿ ಕುಳಿತು ಮಾಡುವ ಕೆಲಸದಲ್ಲಿ ಇಂಥ ಅಪಾಯಗಳು ಕಡಿಮೆ. ಅಲ್ಲಿನ ತೊಂದರೆ ನೋಡುವವರ ಕಣ್ಣುಗಳದು.

ಏನು ಹೇಳಬೇಕು, ಯಾರಿಗೆ

ರೋಗದ ಹೆಸರನ್ನು ಎಲ್ಲರಿಗೂ ಹೇಳಬೇಕಾದ ಕಟ್ಟುಪಾಡಿಲ್ಲ. ಆದರೆ ಮೇಲ್ವಿಚಾರಕರಿಗೆ ಎಷ್ಟು ವಾರ, ಯಾವ ಕೆಲಸ ಆಗುವುದಿಲ್ಲ, ಬದಲಿಗೆ ಯಾವುದನ್ನು ಮಾಡಬಲ್ಲೆ ಎಂಬ ಮೂರು ವಿಷಯಗಳನ್ನು ವೈದ್ಯರ ಪತ್ರದೊಡನೆ ಚಿಕಿತ್ಸೆಗೆ ಮೊದಲೇ ತಿಳಿಸುವುದು ಲೇಸು. ಮುಖ ಕೆಂಪಾದ ಮೇಲೆ ಕೊಡುವ ವಿವರಣೆ ಸಬೂಬಿನಂತೆ ಕೇಳಿಸುತ್ತದೆ. ಸಹೋದ್ಯೋಗಿಗಳಿಗೆ “ಚರ್ಮಕ್ಕೆ ಚಿಕಿತ್ಸೆ ನಡೆಯುತ್ತಿದೆ, ಔಷಧಿಯಿಂದ ಹೀಗಾಗಿದೆ, ಅಂಟುವ ರೋಗವಲ್ಲ” ಎಂಬಷ್ಟು ಸಾಕು. ಕೊನೆಯ ಮಾತನ್ನು ಬಿಡಬೇಡಿ, ಜನರ ಮನಸ್ಸಿನಲ್ಲಿರುವ ಮೊದಲ ಪ್ರಶ್ನೆ ಅದೇ. ಕೆಂಪನ್ನು ಮರೆಮಾಡಲು ತೆರೆದ ಚರ್ಮದ ಮೇಲೆ ಮೇಕಪ್ ಹಚ್ಚುವುದು ಬೇಡ.

ಇಮಿಕ್ವಿಮೋಡ್ ಬಳಸುವ ಕೆಲವರಿಗೆ ಚರ್ಮವಲ್ಲದೆ ಮೈಯೂ ಕೆಡುತ್ತದೆ: ಜ್ವರ, ಮೈಕೈ ನೋವು, ಆಯಾಸ. ಇದು ಔಷಧಿ ರೋಗನಿರೋಧಕ ಶಕ್ತಿಯನ್ನು ಎಬ್ಬಿಸಿದ ಪರಿಣಾಮ. ಜ್ವರವಿರುವಾಗ ಎತ್ತರದಲ್ಲಿ ಅಥವಾ ಯಂತ್ರದ ಬಳಿ ಕೆಲಸ ಮಾಡುವುದು ತರವಲ್ಲ, ಆದ್ದರಿಂದ ಕೆಲವು ದಿನಗಳ ರಜೆಯನ್ನು ಕಾಯ್ದಿಟ್ಟುಕೊಂಡೇ ಆರಂಭಿಸಬೇಕು. ಲಕ್ಷಣಗಳು ಜೋರಾಗಿದ್ದರೆ ವೈದ್ಯರು ಕೆಲವು ದಿನ ಔಷಧಿಗೆ ಬಿಡುವು ಕೊಡುತ್ತಾರೆ.

ಸಹಿಸಬಹುದಾದದ್ದು, ಸಹಿಸಬಾರದ್ದು

ಕೆಂಪು, ಉರಿ, ನವೆ, ಸಿಪ್ಪೆ, ಹಕ್ಕಳೆ ಇವು ನಿರೀಕ್ಷಿತ. ಕಂದು ಮತ್ತು ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣದೆ, ಆ ಜಾಗ ನೇರಳೆಯಾಗಿಯೋ ಇನ್ನಷ್ಟು ಕಪ್ಪಾಗಿಯೋ ತೋರಬಹುದು. ಬಣ್ಣ ಬದಲಾಗಲಿಲ್ಲವೆಂದು ಔಷಧಿ ಕೆಲಸ ಮಾಡುತ್ತಿಲ್ಲ ಎಂದುಕೊಳ್ಳದೆ ಉರಿ, ಊತ ಮತ್ತು ಸಿಪ್ಪೆಯನ್ನು ಗಮನಿಸಬೇಕು. ಕಾಣದೆ ಇದ್ದ ಹೊಸ ಮಚ್ಚೆಗಳು ಮೇಲೆದ್ದು ಬಂದರೆ ಅದು ರೋಗ ಹರಡಿದ ಸೂಚನೆಯಲ್ಲ, ಅಲ್ಲಿ ಮೊದಲೇ ಅಡಗಿದ್ದ ಕೆಟ್ಟ ಕೋಶಗಳಿಗೆ ಔಷಧಿ ತಗುಲಿದ ಸೂಚನೆ. ತಣ್ಣೀರಿನಲ್ಲಿ ಅದ್ದಿದ ಸ್ವಚ್ಛ ಬಟ್ಟೆಯನ್ನು ಸ್ವಲ್ಪ ಹೊತ್ತು ಇಡುವುದರಿಂದ ಉರಿ ಕಡಿಮೆಯಾಗುತ್ತದೆ. ಮನೆಯಲ್ಲಿರುವ ಸ್ಟಿರಾಯ್ಡ್ ಮುಲಾಮನ್ನು ತಾವಾಗಿಯೇ ಹಚ್ಚಬೇಡಿ; ಯಾವ ಕೆರಳಿಕೆಯಿಂದ ಗುಣವಾಗಬೇಕೋ ಅದನ್ನೇ ಅದು ತಗ್ಗಿಸಿಬಿಡಬಹುದು. ಹಕ್ಕಳೆಯನ್ನು ಕಿತ್ತರೆ ಕಲೆ ಉಳಿಯುತ್ತದೆ.

ಹುಣ್ಣಿನಲ್ಲಿ ಕೀವು ಕಂಡರೆ, ಕೆಂಪು ಚಿಕಿತ್ಸೆಯ ಗಡಿ ದಾಟಿ ದಿನೇ ದಿನೇ ಹರಡುತ್ತಿದ್ದರೆ, ನೋವು ನಿದ್ದೆಗೆಡಿಸುವಷ್ಟಾದರೆ ಅಥವಾ ಔಷಧಿ ಕಣ್ಣಿಗೆ ಹೋದರೆ ವೈದ್ಯರನ್ನು ಕಾಣಬೇಕು; ಕಣ್ಣನ್ನು ಮೊದಲು ಸಾಕಷ್ಟು ನೀರಿನಿಂದ ತೊಳೆಯಬೇಕು. ಫ್ಲೋರೋಯುರಾಸಿಲ್ ಹಚ್ಚುತ್ತಿರುವವರಿಗೆ ಬಾಯಲ್ಲಿ ಹುಣ್ಣು, ರಕ್ತಭೇದಿ, ವಾಂತಿ, ಹೊಟ್ಟೆನೋವು, ಜ್ವರ, ಚಳಿ ಕಾಣಿಸಿಕೊಂಡರೆ ಔಷಧಿ ದೇಹದೊಳಗೆ ವಿಷವಾಗುತ್ತಿರುವ ಶಂಕೆಯಿದೆ. ಮಾರನೆಯ ದಿನದವರೆಗೆ ಕಾಯದೆ ಔಷಧಿ ನಿಲ್ಲಿಸಿ ತುರ್ತು ಚಿಕಿತ್ಸೆಗೆ ಹೋಗಬೇಕು. ಉಸಿರಾಟದ ತೊಂದರೆ, ಮುಖ ಗಂಟಲಿನ ಊತಕ್ಕೂ ಇದೇ ಕ್ರಮ.

ಹಚ್ಚುವುದು ಮುಗಿದ ಮೇಲೆ

ಕೊನೆಯ ದಿನದ ನಂತರ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಹಚ್ಚುತ್ತಾ ಚರ್ಮ ಮಾಗಲು ಬಿಡಬೇಕು. ಹುಣ್ಣು ಮುಚ್ಚಿದ ಮೇಲೂ ಗುಲಾಬಿ ಬಣ್ಣ ಹಲವು ವಾರ ಇರುತ್ತದೆ. ಇಮಿಕ್ವಿಮೋಡ್ ಬಳಸಿದ ಜಾಗ ಕೆಲವರಲ್ಲಿ ಶಾಶ್ವತವಾಗಿ ಬೆಳ್ಳಗಾಗುವುದೂ ಉಂಟು. ಎಂದಿನ ಕೆಲಸಕ್ಕೆ ಮರಳಲು ಅಳತೆಗೋಲು ಬಣ್ಣವಲ್ಲ, ಚರ್ಮ ಪೂರ್ತಿ ಮುಚ್ಚಿದೆಯೇ ಎಂಬುದು.

ಸುಮಾರು ಮೂರು ತಿಂಗಳ ನಂತರದ ತಪಾಸಣೆಯನ್ನು ಕೆಲಸದ ಒತ್ತಡದಲ್ಲಿ ತಪ್ಪಿಸುವವರು ಬಹಳ. ಮೇಲ್ಪದರದ ಬೇಸಲ್ ಸೆಲ್ ಕಾರ್ಸಿನೋಮ ಇದ್ದ 601 ರೋಗಿಗಳ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದ ಅಧ್ಯಯನವೊಂದರಲ್ಲಿ, ಐದು ವರ್ಷಗಳ ಕೊನೆಗೆ ಗಡ್ಡೆಯಿಂದ ಮುಕ್ತರಾಗಿದ್ದವರ ಪ್ರಮಾಣ ಇಮಿಕ್ವಿಮೋಡ್ ಹಚ್ಚಿದವರಲ್ಲಿ ಶೇ 80.5, ಫ್ಲೋರೋಯುರಾಸಿಲ್ ಹಚ್ಚಿದವರಲ್ಲಿ ಶೇ 70. ಅಂದರೆ ನಿಷ್ಠೆಯಿಂದ ಹಚ್ಚಿದವರಲ್ಲಿಯೂ ಕೆಲವರಿಗೆ ರೋಗ ಉಳಿಯುತ್ತದೆ ಅಥವಾ ಮರಳುತ್ತದೆ, ಮತ್ತು ಅದು ಹೊರನೋಟಕ್ಕೆ ನುಣುಪಾದ ಚರ್ಮದ ಕೆಳಗೂ ಇರಬಹುದು. ಆ ತಪಾಸಣೆಯ ದಿನಾಂಕವನ್ನು ಔಷಧಿಯ ಮೊದಲ ದಿನವೇ ಪಡೆದು, ಕೆರಳುವ ವಾರವನ್ನು ಗುರುತಿಸಿದ ಅದೇ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟು, ಅಂದಿನ ರಜೆಯನ್ನೂ ಆಗಲೇ ಕೇಳಿಡಿ.